ಮುಕ್ಕಾಲು ಡಿಗ್ರಿಗೆ ಮೂರು ತಿಂಗಳು: ನಮ್ಮ ಮೊದಲ ರೇಸ್ ಕಾರಿನ ಸಸ್ಪೆನ್ಷನ್ ಪ್ರಕರಣ

ಕಾರು ಮೊದಲ ಸಲ ತನ್ನದೇ ಇಂಜಿನ್ ಮೇಲೆ ಓಡಿದ ದಿನ ಸಂಜೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಮುಂದಿನ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸುತ್ತಿದ್ದೆ. ಹೊರ ಅಂಚಿನ ಎರಡು ಬೆರಳಗಲದ ರಬ್ಬರ್ ಉಜ್ಜಿ ಉಜ್ಜಿ ಸಣ್ಣ ಉಂಡೆಗಳಾಗಿ ಸುಲಿದಿತ್ತು. ಒಳ ಅಂಚಿನಲ್ಲಿ ಅಚ್ಚಿನಿಂದ ಬಂದ ಹೊಳಪು ಹಾಗೇ ಇತ್ತು. ಅಂದರೆ ಟೈರಿನ ಅರ್ಧ ಭಾಗ ಆ ದಿನ ಕೆಲಸಕ್ಕೇ ಬಂದಿರಲಿಲ್ಲ.

ಡ್ರೈವರ್ ದೂರು ಇನ್ನೂ ಸರಳವಾಗಿತ್ತು. "ಸ್ಟೀರಿಂಗ್ ತಿರುಗಿಸಿದ್ರೆ ಕಾರು ಒಂದು ಕ್ಷಣ ಯೋಚನೆ ಮಾಡುತ್ತೆ, ಆಮೇಲೆ ಮನಸ್ಸಿದ್ರೆ ತಿರುಗುತ್ತೆ."

ಇದು ಫಾರ್ಮುಲಾ ಎಸ್‌ಎಇ ಅನ್ನೋ ವಿದ್ಯಾರ್ಥಿ ರೇಸ್ ಕಾರು ಸ್ಪರ್ಧೆಯ ನಿಯಮಗಳಿಗೆ ಕಟ್ಟಿದ ಕಾರು. ಒಂದೇ ಸೀಟು, ಹೊರಗೆ ಕಾಣುವ ಚಕ್ರಗಳು, ವಿನ್ಯಾಸದಿಂದ ವೆಲ್ಡಿಂಗ್ ತನಕ ವಿದ್ಯಾರ್ಥಿಗಳದ್ದೇ ಕೆಲಸ. ಒಟ್ಟು 1000 ಅಂಕ, ಅದರಲ್ಲಿ 150 ವಿನ್ಯಾಸದ ತೀರ್ಪಿಗೆ. ನಮ್ಮದು ತಂಡದ ಮೊದಲ ಕಾರು. ಸಸ್ಪೆನ್ಷನ್‌ಗೆ, ಅಂದರೆ ಚಕ್ರವನ್ನು ಕಾರಿಗೆ ಹಿಡಿದು ಮೇಲೆ ಕೆಳಗೆ ಆಡಿಸುವ ಜೋಡಣೆಗೆ, ನಾಲ್ಕು ಜನ ಇದ್ದೆವು, ನಾಲ್ವರಿಗೂ ಹಿಂದಿನ ಅನುಭವ ಸೊನ್ನೆ. ಆ ಟೈರ್ ಯಾಕೆ ಹಾಗಾಯಿತು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದೆಲ್ಲ ಇಲ್ಲಿದೆ. ಈಗ ತಾನೇ ಸಸ್ಪೆನ್ಷನ್‌ಗೆ ಕೈ ಹಾಕುತ್ತಿರುವವರಿಗೆ ಉಪಯೋಗ ಆದೀತು.

ಕುಲಾವಿ ಮೊದಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ನಾವು ಮಾಡಿದ್ದು ಅದನ್ನೇ. ಮೊದಲ ದಿನವೇ ಕೈನೆಮ್ಯಾಟಿಕ್ಸ್ ಸಾಫ್ಟ್‌ವೇರ್ ತೆರೆದೆವು. ಪರದೆಯ ಮೇಲೆ ಸಸ್ಪೆನ್ಷನ್ ಕೊಂಡಿಗಳ ತುದಿಗಳಿಗೆ ಎಂಟು ಬಿಂದು, ಅವುಗಳ ನಡುವೆ ಗೆರೆ, ಚಕ್ರ ಮೇಲೆ ಕೆಳಗೆ ಆಡುತ್ತೆ, ಪಕ್ಕದಲ್ಲಿ ಗ್ರಾಫ್ ಬರುತ್ತೆ. ನೋಡೋಕೆ ಚಂದ. ಬಿಂದುವನ್ನು ಒಂದು ಮಿ.ಮೀ. ಸರಿಸಿದರೆ ರೋಲ್ ಸೆಂಟರ್ (ಕಾರು ವಾಲುವಾಗ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಎಲ್ಲಿಗೆ ಹೋಯಿತು ಅಂತ ಮೂರನೇ ದಶಮಾಂಶದ ತನಕ ತೋರಿಸುತ್ತೆ. ಅದೇ ಚಟವಾಯಿತು. ಮೂರು ತಿಂಗಳು ರೋಲ್ ಸೆಂಟರ್ ಅನ್ನು 30 ರಿಂದ 50 ಮಿ.ಮೀ. ಎತ್ತರದ ನಡುವೆ ಓಡಾಡಿಸಿಕೊಂಡು ಕೂತೆವು.

ಆಗಿನ್ನೂ ಟೈರೇ ಆರಿಸಿರಲಿಲ್ಲ!

13 ಇಂಚಿನ ರಿಮ್ ಅಂತ ಊಹಿಸಿಕೊಂಡು ಬಿಂದುಗಳನ್ನು ಇಟ್ಟಿದ್ದೆವು. ಎರಡನೇ ತಿಂಗಳಲ್ಲಿ ತೂಕದ ಲೆಕ್ಕ ಕೂತು ನೋಡಿದ ತಂಡ 10 ಇಂಚಿಗೆ ಇಳಿಯಿತು. ತೂಕಕ್ಕೆ ಅದು ಒಳ್ಳೆಯ ನಿರ್ಧಾರವೇ, ಆದರೆ ನಮ್ಮ ತಲೆ ಮೇಲೆ ಕಲ್ಲು. ಅಪ್‌ರೈಟಿನ (ಚಕ್ರದ ಬೇರಿಂಗ್ ಹಿಡಿಯುವ ತುಂಡು) ಮೇಲಿನ ಬಾಲ್ ಜಾಯಿಂಟು, ಕೆಳಗಿನ ಬಾಲ್ ಜಾಯಿಂಟು, ಬ್ರೇಕ್ ಕ್ಯಾಲಿಪರ್ ಎಲ್ಲವೂ ಈಗ 254 ಮಿ.ಮೀ. ರಿಮ್ಮಿನೊಳಗೆ ಹಿಡಿಸಬೇಕು. ಎರಡು ಜಾಯಿಂಟುಗಳ ನಡುವಿನ ಅಂತರ ಕುಗ್ಗಿ 190 ಮಿ.ಮೀ.ಗೆ ಬಂತು.

ಈ ಅಂತರ ಕುಗ್ಗಿದರೆ ಏನಾಗುತ್ತೆ ಅಂತ ಆಗ ಯಾರೂ ಕೇಳಲಿಲ್ಲ. ಈಗ ಕೇಳೋಣ. ಟೈರಿನ ತ್ರಿಜ್ಯ ಸುಮಾರು 203 ಮಿ.ಮೀ., ಜಾಯಿಂಟುಗಳು ಚಕ್ರದ ಕೇಂದ್ರಕ್ಕೆ ಮೇಲೊಂದು ಕೆಳಗೊಂದು ಸಮ ದೂರದಲ್ಲಿವೆ ಅಂದುಕೊಳ್ಳಿ. ಕೆಳಗಿನ ಜಾಯಿಂಟು ನೆಲದಿಂದ 108 ಮಿ.ಮೀ., ಮೇಲಿನದು 298. ತಿರುವಿನಲ್ಲಿ ಹೊರಗಿನ ಮುಂಚಕ್ರಕ್ಕೆ ನೆಲದಿಂದ 1400 ನ್ಯೂಟನ್ ಪಕ್ಕದ ಬಲ ಬಂದರೆ ಸುಮ್ನೆ ಒಂದು ಮೊಮೆಂಟ್ ಲೆಕ್ಕ ಹಾಕಿ ನೋಡಿ. ಮೇಲಿನ ವಿಶ್‌ಬೋನ್‌ಗೆ (ಜಾಯಿಂಟನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಎರಡು ಕಾಲಿನ ಕೊಂಡಿ) ಸುಮಾರು 800, ಕೆಳಗಿನದಕ್ಕೆ 2200. ಬಂದದ್ದು 1400, ಕೆಳಗಿನವನು ಹೊರುವುದು ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅಂತರ ಚಿಕ್ಕದಾದಷ್ಟೂ ಈ ಸಂಖ್ಯೆ ಏರುತ್ತೆ. ಕಾಗದದ ಮೇಲೆ ಐದು ನಿಮಿಷದ ಕೆಲಸ ಇದು. ಮೂರು ತಿಂಗಳಲ್ಲಿ ನಮಗೆ ಆ ಐದು ನಿಮಿಷ ಸಿಗಲಿಲ್ಲ.

ಟೈರ್ ಬಗ್ಗೆ ಇನ್ನೊಂದು ಮಾತು. ವಿದ್ಯಾರ್ಥಿ ತಂಡಗಳಿಗೆಂದೇ 2005ರಲ್ಲಿ ಶುರುವಾದ ಟೈರ್ ಟೆಸ್ಟ್ ಕನ್ಸಾರ್ಟಿಯಂ ಇದೆ. ಈ ಕಾರುಗಳಲ್ಲಿ ಬಳಸುವ ಟೈರುಗಳನ್ನು ಕ್ಯಾಲ್‌ಸ್ಪ್ಯಾನ್ ಅನ್ನೋ ಪರೀಕ್ಷಾ ಸಂಸ್ಥೆಯ ಯಂತ್ರದ ಮೇಲೆ ಓಡಿಸಿ, ಎಷ್ಟು ಭಾರಕ್ಕೆ, ಎಷ್ಟು ಸ್ಲಿಪ್ ಆಂಗಲ್‌ಗೆ (ಟೈರ್ ನೋಡುವ ದಿಕ್ಕಿಗೂ ಹೋಗುವ ದಿಕ್ಕಿಗೂ ನಡುವಿನ ಕೋನ), ಎಷ್ಟು ಕ್ಯಾಂಬರ್‌ಗೆ (ಚಕ್ರದ ತಲೆ ಒಳಗೋ ಹೊರಗೋ ಬಾಗಿದ ಕೋನ; ಒಳಗಾದರೆ ಮೈನಸ್) ಎಷ್ಟು ಹಿಡಿತ ಅನ್ನೋ ಡೇಟಾ ಕೊಡುತ್ತಾರೆ. ಯಂತ್ರದ ಬೆಲ್ಟ್ ಮೇಲೆ ಬರುವ ಹಿಡಿತ ರಸ್ತೆಯ ಮೇಲೆ ಬರೋದಿಲ್ಲ, ಸುಮಾರು ಮೂರನೇ ಎರಡು ಭಾಗ ಅಂತ ತಗ್ಗಿಸಿಕೊಂಡು ಓದಬೇಕು. ಗ್ರಾಫಿನ ಎತ್ತರಕ್ಕಿಂತ ಆಕಾರ ಮುಖ್ಯ. ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗೋದಿಲ್ಲ ಅನ್ನೋದು ಅಲ್ಲಿ ಕಣ್ಣಿಗೆ ಕಾಣುತ್ತೆ, ಮತ್ತು ಸಸ್ಪೆನ್ಷನ್‌ನಲ್ಲಿ ಮುಂದೆ ಬರುವ ಅರ್ಧ ಮಾತುಗಳ ಮೂಲ ಅದೇ. ನಾವು ಈ ಡೇಟಾ ತೆರೆದದ್ದು ಕಾರು ಓಡಿದ ಮೇಲೆ. ತೆರೆದು ನೋಡಿದರೆ ನಾವು ಆರಿಸಿದ್ದ ಟೈರ್ ಒಂದು ಡಿಗ್ರಿ ಕ್ಯಾಂಬರ್ ಆಚೆ ಈಚೆ ಆದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳುವ ಜಾತಿಯೇ ಅಲ್ಲ!

ಕಾರಿನ ಮುಖ್ಯ ಅಳತೆಗಳು

ಈ ಭಾಗ ಬೇಗ ಮುಗಿಸುತ್ತೇನೆ. ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ) ಕನಿಷ್ಠ 1525 ಮಿ.ಮೀ. ಇರಬೇಕು ಅಂತ ನಿಯಮ, ನಾವು 1550 ಇಟ್ಟೆವು. ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಗಲ) ಮುಂದೆ ಹಿಂದೆ ಎರಡೂ 1200. ಡ್ರೈವರ್ ಸೇರಿ ತೂಕ 280 ಕೆ.ಜಿ., ಭಾರದ ಕೇಂದ್ರ ನೆಲದಿಂದ 300 ಮಿ.ಮೀ., ಮುಂದೆ 47 ಹಿಂದೆ 53 ಹಂಚಿಕೆ ಅಂತ ಊಹೆ. ಕೊನೆಗೆ ತೂಕ ಅದಕ್ಕಿಂತ ಜಾಸ್ತಿಯೇ ಆಯಿತು, ಯಾರದ್ದು ಆಗೋದಿಲ್ಲ ಹೇಳಿ.

ಟ್ರ್ಯಾಕ್ 1200 ಯಾಕೆ? ಕಿರಿದಾದಷ್ಟೂ ದಾರಿ ಗುರುತಿಗೆ ಇಟ್ಟ ಕೋನ್‌ಗಳ ನಡುವೆ ನುಸುಳೋಕೆ ಸುಲಭ. ಆದರೆ ಕಾರನ್ನು 60 ಡಿಗ್ರಿ ಓರೆ ಮಾಡಿ ನಿಲ್ಲಿಸುವ ಪರೀಕ್ಷೆ ಇದೆ, ಉರುಳಬಾರದು. ಅರ್ಧ ಟ್ರ್ಯಾಕ್ 600, ಎತ್ತರ 300, ಅಂದರೆ ಉರುಳುವ ಕೋನ 63.4 ಡಿಗ್ರಿ. ಮೂರೂಕಾಲು ಡಿಗ್ರಿ ಚಿಲ್ಲರೆ ಉಳಿಯಿತು ಅಂತ ಖುಷಿಪಡಬೇಡಿ. ಓರೆಯಾದಾಗ ಕೆಳಗಿನ ಸ್ಪ್ರಿಂಗು, ಟೈರು ಒತ್ತಿಕೊಂಡು ಅದರಲ್ಲೂ ಒಂದಿಷ್ಟು ನುಂಗುತ್ತವೆ. ಎತ್ತರ 320 ಆದರೆ ಕೋನ 62ರ ಕೆಳಗೆ ಬರುತ್ತೆ. ಅದಕ್ಕೇ ನಾವು ಇನ್ನೂ ಕಿರಿದು ಮಾಡೋ ಧೈರ್ಯ ಮಾಡಲಿಲ್ಲ.

1.4 ಜಿ ತಿರುವಿಗೆ, ಅಂದರೆ ಕಾರಿನ ತೂಕದ 1.4 ಪಟ್ಟು ಪಕ್ಕದ ಬಲಕ್ಕೆ, ವಿನ್ಯಾಸ ಮಾಡಿದ್ದೆವು. ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ದಾಟುವ ಭಾರ 961 ನ್ಯೂಟನ್. ನಿಂತಾಗ ಒಂದು ಪಕ್ಕದ ಎರಡು ಚಕ್ರ ಸೇರಿ 1373 ಹೊತ್ತಿರುತ್ತವೆ. ತಿರುವಿನಲ್ಲಿ ಒಳಗಿನ ಎರಡೂ ಸೇರಿ ಉಳಿಯೋದು 412. ಹೊರಗಿನ ಟೈರೇ ಎಲ್ಲ, ಒಳಗಿನದು ಜೊತೆಗಾರ ಅಷ್ಟೇ. ಹಾಗಾಗಿ ಇನ್ನು ಮುಂದೆ ಹೊರಗಿನ ಟೈರ್ ನೆಲದ ಮೇಲೆ ಹೇಗೆ ಕೂತಿದೆ ಅಂತ ಮಾತ್ರ ನೋಡುತ್ತಾ ಹೋಗೋಣ.

ಮುಕ್ಕಾಲು ಡಿಗ್ರಿಯ ಲೆಕ್ಕ

ಕಾರು ತಿರುವಿನಲ್ಲಿ ಹೊರಗೆ ವಾಲುತ್ತೆ. ವಾಲಿದಾಗ ಹೊರಗಿನ ಚಕ್ರದ ತಲೆಯೂ ಹೊರಗೆ ಬಾಗುತ್ತೆ, ಪಾಸಿಟಿವ್ ಕ್ಯಾಂಬರ್ ಕಡೆಗೆ. ವಿಶ್‌ಬೋನ್‌ಗಳನ್ನು ಒಂದಕ್ಕೊಂದು ಓರೆಯಾಗಿ ಇಟ್ಟರೆ, ಚಕ್ರ ಮೇಲೆ ಬಂದಂತೆ ತಲೆ ಸ್ವಲ್ಪ ಒಳಗೆ ಬಾಗಿ ಈ ನಷ್ಟದಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತೆ. ಎಷ್ಟು ಪಾಲು ಅನ್ನೋದು ಎರಡು ವಿಶ್‌ಬೋನ್‌ಗಳ ಗೆರೆಗಳನ್ನು ಎಳೆದರೆ ಎಲ್ಲಿ ಸೇರುತ್ತವೆ ಅನ್ನೋದರ ಮೇಲೆ ನಿಂತಿದೆ. ಚಕ್ರದಿಂದ ಆ ಸೇರುವ ಜಾಗದ ತನಕದ ಉದ್ದವೇ ಸ್ವಿಂಗ್ ಆರ್ಮ್. ನಮ್ಮದು 1500 ಮಿ.ಮೀ. ಇತ್ತು.

ಸ್ಪ್ರಿಂಗುಗಳಿಂದ ಬರುವ ರೋಲ್ ಗಡಸುತನ ಮುಂದೆ ಹಿಂದೆ ಸೇರಿ ಡಿಗ್ರಿಗೆ ಸುಮಾರು 470 ನ್ಯೂಟನ್ ಮೀಟರ್. ಆಂಟಿ ರೋಲ್ ಬಾರ್ (ವಾಲುವುದನ್ನು ತಡೆಯುವ ಸರಳು) ಮೊದಲ ವರ್ಷ ಬೇಡ ಅಂತ ಬಿಟ್ಟಿದ್ದೆವು, ಆ ಒಂದು ನಿರ್ಧಾರಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಸ್ಪ್ರಿಂಗಿನ ಮೇಲಿರುವ ತೂಕ 240 ಕೆ.ಜಿ., ರೋಲ್ ಸೆಂಟರಿನಿಂದ ಭಾರದ ಕೇಂದ್ರಕ್ಕೆ 260 ಮಿ.ಮೀ., 1.4 ಜಿ. ಗುಣಿಸಿ ಭಾಗಿಸಿದರೆ ಕಾರು ವಾಲುವುದು 1.8 ಡಿಗ್ರಿ.

ಈಗ ಎರಡು ಕಾರು ಊಹಿಸಿಕೊಳ್ಳಿ. ಒಂದರಲ್ಲಿ ವಿಶ್‌ಬೋನ್‌ಗಳು ಸಮಾನಾಂತರ, ಒಂದೇ ಉದ್ದ, ಯಾವ ಬುದ್ಧಿವಂತಿಕೆಯೂ ಇಲ್ಲ. ಅದರಲ್ಲಿ ಹೊರಗಿನ ಟೈರ್ ಕಳೆದುಕೊಳ್ಳೋದು ಪೂರ್ತಿ 1.8 ಡಿಗ್ರಿ. ಇನ್ನೊಂದು ನಮ್ಮದು. ಅರ್ಧ ಟ್ರ್ಯಾಕ್ 600, ಸ್ವಿಂಗ್ ಆರ್ಮ್ 1500. 600ನ್ನು 1500ರಿಂದ ಭಾಗಿಸಿದರೆ 0.4, ಅಷ್ಟು ಪಾಲು ವಾಪಸ್ ಸಿಗುತ್ತೆ. ನಷ್ಟ 1.08 ಡಿಗ್ರಿ. ಎರಡು ಕಾರುಗಳ ನಡುವಿನ ವ್ಯತ್ಯಾಸ 0.72 ಡಿಗ್ರಿ.

ಇಷ್ಟೇ. ಮೂರು ತಿಂಗಳು, ನಾಲ್ಕು ಜನ, ಮುಕ್ಕಾಲು ಡಿಗ್ರಿಗೂ ಒಂಚೂರು ಕಮ್ಮಿ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಅದೂ ಅತಿ ದಡ್ಡ ವಿನ್ಯಾಸಕ್ಕೆ ಹೋಲಿಸಿದರೆ ಮಾತ್ರ ಮುಕ್ಕಾಲು. ಮೊದಲ ವಾರದಲ್ಲಿ ಕಣ್ಣಳತೆಯಲ್ಲಿ ಇಟ್ಟ ಬಿಂದುಗಳಿಗೂ ಕೊನೆಯ ಬಿಂದುಗಳಿಗೂ ಹೋಲಿಸಿದರೆ ವ್ಯತ್ಯಾಸ ಹೇಳಿಕೊಳ್ಳೋಕೂ ನಾಚಿಕೆಯಾಗುತ್ತೆ. ಇದೇ ಮುಕ್ಕಾಲು ಡಿಗ್ರಿಯನ್ನು ಅಪ್‌ರೈಟಿನ ಬ್ರಾಕೆಟ್ ಹಿಂದೆ ಒಂದು ಶಿಮ್ (ತೆಳು ತಗಡು) ಇಟ್ಟು ಹತ್ತು ನಿಮಿಷದಲ್ಲಿ ಪಡೆಯಬಹುದಿತ್ತು. ನೇರ ಓಡುವಾಗ ಬ್ರೇಕ್ ಹಿಡಿತದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ ನಿಜ, ಆದರೆ ಕೋನ್‌ಗಳ ನಡುವಿನ ಈ ರೇಸ್ ಟ್ರ್ಯಾಕುಗಳಲ್ಲಿ ನೇರ ದಾರಿ ಎಷ್ಟು ಇರುತ್ತೆ? ನಾವು "ಜ್ಯಾಮಿತಿ ನೋಡಿಕೊಳ್ಳುತ್ತೆ ಬಿಡು" ಅಂತ ನಿಂತಾಗಿನ ಕ್ಯಾಂಬರನ್ನು ಬರೀ ಮೈನಸ್ ಅರ್ಧ ಡಿಗ್ರಿ ಇಟ್ಟಿದ್ದೆವು.

ರ‍್ಯಾಕ್ 14 ಮಿ.ಮೀ. ಮೇಲೆ ಹೋದ ಕಥೆ

ನಾವು ಪರದೆಯ ಮುಂದೆ ಕೂತಿದ್ದ ಹೊತ್ತಿನಲ್ಲಿ ಚಾಸಿ, ಅಂದರೆ ಕಾರಿನ ಪೈಪು ಚೌಕಟ್ಟು, ಕಟ್ಟುವವರು ಕೆಲಸ ಮುಗಿಸುತ್ತಾ ಬಂದರು. ಅವರಿಗೆ ಕೊಟ್ಟ ಬಿಂದುಗಳು ಒಂದು ತಿಂಗಳು ಹಳೆಯವು. ನಾವು ಆಮೇಲೂ ಸರಿಸುತ್ತಲೇ ಇದ್ದೆವು. ಯಾರ ತಪ್ಪು ಅಂತ ಜಗಳವೂ ಆಯಿತು, ತಪ್ಪು ನಮ್ಮದೇ.

ಪರಿಣಾಮ ಎರಡು. ಒಂದು, ಕೆಳಗಿನ ವಿಶ್‌ಬೋನಿನ ಹಿಂದಿನ ಕಾಲು ಪೈಪುಗಳು ಕೂಡುವ ಗಂಟಿನ ಮೇಲೆ ಬರಬೇಕಿತ್ತು, ಪೈಪಿನ ನಟ್ಟ ನಡುವೆ ಬಂದು ಕೂತಿತು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ. ಎರಡು, ಸ್ಟೀರಿಂಗ್ ವೀಲ್ ತಿರುಗಿದ್ದನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ಸರಳು, ಅಂದರೆ ಸ್ಟೀರಿಂಗ್ ರ‍್ಯಾಕ್. ಕಾಕ್‌ಪಿಟ್ ಒಳಗೆ ನಿಯಮದ ಅಡ್ಡ ಅಳತೆಯ ಟೆಂಪ್ಲೇಟ್ ಅನ್ನು ಪೆಡಲ್ ಹತ್ತಿರದ ತನಕ ತೂರಿಸಿ ನೋಡುತ್ತಾರೆ, ಡ್ರೈವರ್ ಕಾಲಿಗೆ ಜಾಗ ಇರಬೇಕಲ್ಲ. ನಮ್ಮ ಚಾಸಿಯಲ್ಲಿ ರ‍್ಯಾಕ್ ಇಡೋಕೆ ಅಂದುಕೊಂಡಿದ್ದ ಜಾಗದಲ್ಲಿ ಒಂದು ಅಡ್ಡ ಪೈಪು ಬಂದಿತ್ತು, ಸುತ್ತಮುತ್ತ ಟೆಂಪ್ಲೇಟಿನ ಜಾಗ. ಯಾರೋ ಅಂದರು, "14 ಮಿ.ಮೀ. ತಾನೇ, ಮೇಲೆ ಏರಿಸಿದರೆ ಏನಾಗುತ್ತೆ?" ಆ ಯಾರೋ ನಾನೇ.

ಏನಾಗುತ್ತೆ ಅಂದರೆ, ಟೈ ರಾಡ್ (ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ) ಉದ್ದ 350 ಮಿ.ಮೀ. ಒಳತುದಿ 14 ಮಿ.ಮೀ. ಮೇಲೆ ಹೋದರೆ ಇರಬೇಕಾದ ಇಳಿಜಾರಿಗಿಂತ 0.04 ರೇಡಿಯನ್ ಜಾಸ್ತಿ. ಚಕ್ರ 25 ಮಿ.ಮೀ. ಮೇಲೆ ಬಂದಾಗ ಟೈ ರಾಡಿನ ಹೊರತುದಿ 1 ಮಿ.ಮೀ. ಹೆಚ್ಚುವರಿ ಹೊರಗೆ ತಳ್ಳುತ್ತೆ. ಸ್ಟೀರಿಂಗ್ ಆರ್ಮ್ 70 ಮಿ.ಮೀ. ಇದ್ದರೆ 1 ಮಿ.ಮೀ. ಅಂದರೆ 0.8 ಡಿಗ್ರಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿದ ಕೋನ). ನಮ್ಮ ರ‍್ಯಾಕ್ ಆಕ್ಸಲ್‌ಗಿಂತ ಮುಂದೆ ಇತ್ತು, ಹಾಗಾಗಿ ಟೋ ಔಟ್, ಚಕ್ರದ ಮೂತಿ ಹೊರಗೆ. ಕಾರು 1.8 ಡಿಗ್ರಿ ವಾಲಿದಾಗ ಹೊರಗಿನ ಚಕ್ರ ಮೇಲೆ ಬರುವುದು ಸುಮಾರು 19 ಮಿ.ಮೀ., ಅಂದರೆ 0.6 ಡಿಗ್ರಿಯಷ್ಟು ತಿರುವಿನಿಂದ ಆಚೆಗೆ ತಿರುಗುತ್ತೆ. ಒಳಗಿನ ಚಕ್ರ ಕೆಳಗಿಳಿದು ಟೋ ಇನ್ ಆಗಿ ಅದೂ ಆಚೆಗೇ ತಿರುಗುತ್ತೆ. ಡ್ರೈವರ್ ಒಳಗೆ ತಿರುಗಿಸಿದರೆ ಸಸ್ಪೆನ್ಷನ್ ಹೊರಗೆ ತಿರುಗಿಸುತ್ತೆ.

ರೋಲ್ ಸೆಂಟರ್ ಅನ್ನು ದಶಮಾಂಶದ ತನಕ ಕಾಯುತ್ತಿದ್ದ ನಾವು ರ‍್ಯಾಕ್ ಅನ್ನು 14 ಮಿ.ಮೀ. ಎತ್ತುವಾಗ ಸಾಫ್ಟ್‌ವೇರ್ ತೆರೆಯಲೂ ಇಲ್ಲ. ವೆಲ್ಡಿಂಗ್ ಮಾಡುವವನು ಬೆಂಕಿ ಹಚ್ಚಿಕೊಂಡು ಕಾಯುತ್ತಿದ್ದ, ಅಷ್ಟೇ ಕಾರಣ.

ಸ್ಪ್ರಿಂಗು, ಮತ್ತೆ ಒಂದು ತಲೆಕೆಳಗಾದ ಭಾಗಾಕಾರ

ಇಲ್ಲಿ ದೊಡ್ಡ ಎಡವಟ್ಟು ಆಗಲಿಲ್ಲ, ಆಗೋದರಲ್ಲಿತ್ತು. ಮುಂದಿನ ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಮೇಲಿನ ತೂಕ ಸುಮಾರು 56 ಕೆ.ಜಿ. ಸ್ಪ್ರಿಂಗ್ ಮೇಲೆ ಕಾರು ಕುಣಿಯುವ ಆವರ್ತನ 2.8 ಹರ್ಟ್ಜ್ ಬೇಕು ಅಂತ ಇಟ್ಟುಕೊಂಡರೆ ಚಕ್ರದ ಹತ್ತಿರ ಬೇಕಾದ ಗಡಸುತನ ಪ್ರತಿ ಮಿ.ಮೀ.ಗೆ 17.3 ನ್ಯೂಟನ್. ನಮ್ಮ ರಾಕರ್‌ನಲ್ಲಿ (ಚಕ್ರದ ಆಟವನ್ನು ಸ್ಪ್ರಿಂಗಿಗೆ ದಾಟಿಸುವ ತಿರುಗುವ ತುಂಡು) ಚಕ್ರ 10 ಮಿ.ಮೀ. ಆಡಿದರೆ ಸ್ಪ್ರಿಂಗ್ 6 ಮಿ.ಮೀ. ಆಡುತ್ತಿತ್ತು. ಮೋಷನ್ ರೇಶಿಯೋ 0.6. ಅದರ ವರ್ಗ 0.36, ಸ್ಪ್ರಿಂಗ್ ಗಡಸುತನ 17.3ನ್ನು 0.36ರಿಂದ ಭಾಗಿಸಿ 48. ಸ್ಪ್ರಿಂಗುಗಳು ಪೌಂಡ್ ಪ್ರತಿ ಇಂಚಿನ ಲೆಕ್ಕದಲ್ಲಿ ಬರುತ್ತವೆ, 275ರದ್ದು ತಗೊಂಡೆವು.

ಆದರೆ ಇದೇ ರೇಶಿಯೋವನ್ನು ಕೆಲವರು ಚಕ್ರ ಮೊದಲು ಬರೆಯುತ್ತಾರೆ, ಕೆಲವರು ಸ್ಪ್ರಿಂಗ್ ಮೊದಲು. ನಮ್ಮಲ್ಲೊಬ್ಬ ಭಾಗಿಸುವ ಬದಲು ಗುಣಿಸಿ 6.2 ಅಂತ ತಂದ. ಆ ಸ್ಪ್ರಿಂಗ್ ಹಾಕಿದ್ದರೆ ಡ್ರೈವರ್ ಕೂತ ತಕ್ಷಣ ಕಾರು ಹೊಟ್ಟೆ ಮೇಲೆ ಮಲಗುತ್ತಿತ್ತು. ಒಂದು ಮಾತು ಎಲ್ಲರೂ ಒಪ್ಪಿ ಗೋಡೆ ಮೇಲೆ ಬರೆದುಕೊಳ್ಳಿ: ಸ್ಪ್ರಿಂಗ್ ಎಷ್ಟು ಆಡಿತು, ಭಾಗಿಸು ಚಕ್ರ ಎಷ್ಟು ಆಡಿತು.

0.6 ಕೂಡ ಒಳ್ಳೆಯ ಆಯ್ಕೆ ಅಲ್ಲ. ಡ್ರೈವರ್ ಕೂತ ಮೇಲೆ ಚಕ್ರದ ಆಟ ಒಟ್ಟು ಕನಿಷ್ಠ 50 ಮಿ.ಮೀ. ಇರಲೇಬೇಕು ಅಂತ ನಿಯಮ. ನಾವು 60 ಇಟ್ಟಿದ್ದೆವು, ಅಂದರೆ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಆಡುವುದು ಬರೀ 36 ಮಿ.ಮೀ. ಡ್ಯಾಂಪರ್ ಒಳಗೆ ಎಣ್ಣೆ ಹರಿಯುವ ವೇಗದ ಮೇಲೆ ಬದುಕುವ ವಸ್ತು, ಅದಕ್ಕೆ ಕಮ್ಮಿ ಓಡಾಟ ಕೊಟ್ಟು ಜಾಸ್ತಿ ಕೆಲಸ ಕೇಳುವುದು ಅನ್ಯಾಯ. ಜೊತೆಗೆ ಪುಶ್‌ರಾಡು (ಚಕ್ರದ ಕಡೆಯಿಂದ ರಾಕರನ್ನು ತಳ್ಳುವ ಕಡ್ಡಿ), ರಾಕರು, ಅವುಗಳ ಬೋಲ್ಟು ಎಲ್ಲದರ ಮೇಲೂ ಬಲ ಜಾಸ್ತಿ. ಈಗಾದರೆ 0.9ರ ಹತ್ತಿರ ಇಡುತ್ತೇನೆ, ಆಗ 21 ನ್ಯೂಟನ್ ಚಿಲ್ಲರೆಯ ಮೆತ್ತನೆ, ಹಗುರ ಸ್ಪ್ರಿಂಗ್ ಸಾಕು.

ಚಕ್ರವನ್ನು ಎಳೆದು ನೋಡಿದ ದಿನ

ಟೈರ್ ಸುಲಿದ ಮರುದಿನ ಬಂಪ್ ಸ್ಟೀರ್ (ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗೇ ತಿರುಗುವುದು) ಅಳೆದೆವು. ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕಿನಿಂದ ಐದೈದು ಮಿ.ಮೀ. ಎತ್ತುತ್ತಾ ಟೋ ಬರೆದುಕೊಂಡೆವು. ಲೆಕ್ಕ ಹೇಳಿದ 0.8 ಡಿಗ್ರಿಯ ಹತ್ತಿರವೇ ಬಂತು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆವು. ಆದರೆ ಅದು ಟೋ ವಿಚಾರ. ಟೈರಿನ ಹೊರ ಅಂಚು ಸುಲಿದದ್ದಕ್ಕೆ ಅಷ್ಟೇ ಸಾಲದು. ಕ್ಯಾಂಬರ್ ಎಲ್ಲೋ ಸೋರುತ್ತಿತ್ತು.

ಆಗ ತಂಡದಲ್ಲಿ ಮಾತು ಕಮ್ಮಿ ಆಡುವ ಹುಡುಗಿಯೊಬ್ಬಳು ಚಕ್ರದ ತಲೆ ಹಿಡಿದು ಜೋರಾಗಿ ಎಳೆದು ತಳ್ಳಿ ಮಾಡಿದಳು. ಚಕ್ರ ಅಲುಗಿತು. ಬೇರಿಂಗ್ ಸಡಿಲ ಇದ್ದಾಗ ಬರುವ ಟಕ್ ಟಕ್ ಶಬ್ದ ಇಲ್ಲ, ಸದ್ದಿಲ್ಲದೆ ರಬ್ಬರಿನ ಹಾಗೆ ಬಾಗಿ ವಾಪಸ್ ಬರುತ್ತಿತ್ತು. ಇನ್ನೊಬ್ಬ ಬಗ್ಗಿ ಕೆಳಗಿನ ವಿಶ್‌ಬೋನ್ ಬ್ರಾಕೆಟ್ ಮೇಲೆ ಬೆರಳಿಟ್ಟ. "ಇಲ್ಲಿ ಪೈಪೇ ಉಸಿರಾಡ್ತಿದೆ" ಅಂದ.

ಸರಿ, ಅಳೆಯೋಣ ಅಂತ ಕೂತೆವು. ಚಕ್ರ ಬಿಚ್ಚಿ ಅದರ ಜಾಗದಲ್ಲಿ ಹಬ್‌ಗೆ ಪ್ಲೈವುಡ್ ಹಲಗೆ ಬಿಗಿದೆವು. ಎಳೆದಾಗ ಹಲಗೆಯೇ ಬಾಗಿತು, ನಗು ಬಂತು. ಆಮೇಲೆ 12 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಫಲಕ ಹಾಕಿದೆವು. ಡ್ಯಾಂಪರ್ ತೆಗೆದು ಅದರ ಬದಲು ಗಟ್ಟಿ ಸರಳು, ಇಲ್ಲದಿದ್ದರೆ ಸಸ್ಪೆನ್ಷನ್ ಆಡಿಬಿಡುತ್ತೆ. ಸ್ಟೀರಿಂಗ್ ವೀಲ್ ಅಲುಗದ ಹಾಗೆ ಬಿಗಿದೆವು. ಚಾಸಿಯನ್ನು ನೆಲಕ್ಕೆ ಕಟ್ಟಿದೆವು. ಫಲಕದಲ್ಲಿ ಟೈರ್ ನೆಲ ಮುಟ್ಟುವ ಎತ್ತರಕ್ಕೆ, ಚಕ್ರದ ಕೇಂದ್ರಕ್ಕಿಂತ 20 ಮಿ.ಮೀ. ಹಿಂದೆ ಒಂದು ತೂತು. ಹಿಂದೆ ಯಾಕೆ ಅಂದರೆ, ಟೈರಿನ ಪಕ್ಕದ ಬಲ ನಿಜಕ್ಕೂ ಕೆಲಸ ಮಾಡುವುದು ನಡುಮಧ್ಯಕ್ಕಿಂತ ಸ್ವಲ್ಪ ಹಿಂದೆಯೇ, ಟೋ ಎಷ್ಟು ಅಲುಗುತ್ತೆ ಅಂತ ನೋಡೋಕೆ ಅದು ಬೇಕು. ಆ ತೂತಿನಿಂದ ಕಾರಿನ ಒಳಕ್ಕೆ ಒಂದು ರ‍್ಯಾಚೆಟ್ ಪಟ್ಟಿ, ನಡುವೆ ನೇತಾಡುವ ತಕ್ಕಡಿ. ತಿರುವಿನಲ್ಲಿ ಹೊರಗಿನ ಚಕ್ರದ ಬುಡವನ್ನು ನೆಲ ಕಾರಿನ ಒಳಕ್ಕೇ ತಳ್ಳುತ್ತೆ, ಅದಕ್ಕೆ ಒಳಕ್ಕೆ ಎಳೆತ. ಫಲಕದ ಮೇಲೆ ಎರಡು ಡಯಲ್ ಗೇಜ್, ಒಂದರ ಮೇಲೊಂದು 300 ಮಿ.ಮೀ. ದೂರದಲ್ಲಿ. ಗೇಜುಗಳ ಸ್ಟ್ಯಾಂಡ್ ಕಾರಿಗೆ ತಾಗದ ಹಾಗೆ ನೆಲದ ಮೇಲೆ.

ರ‍್ಯಾಚೆಟ್ ಒಂದೊಂದೇ ಹಲ್ಲು ಕಟಕಟ ಅಂದಿತು. ತಕ್ಕಡಿ 100 ಕೆ.ಜಿ. ತೋರಿಸಿದಾಗ ನಿಲ್ಲಿಸಿದೆವು, ಸುಮಾರು 1000 ನ್ಯೂಟನ್. ಎರಡು ಗೇಜುಗಳ ವ್ಯತ್ಯಾಸ 3.7 ಮಿ.ಮೀ.

ಕೋನಕ್ಕೆ ತಿರುಗಿಸಿದರೆ 0.7 ಡಿಗ್ರಿ. 1.4 ಜಿ ತಿರುವಿನ 1400 ನ್ಯೂಟನ್‌ಗೆ ಏರಿಸಿದರೆ ಹತ್ತಿರ ಹತ್ತಿರ ಒಂದು ಡಿಗ್ರಿ. ಮೂರು ತಿಂಗಳಲ್ಲಿ ಜ್ಯಾಮಿತಿಯಿಂದ ಗಳಿಸಿದ್ದು 0.72. ಬ್ರಾಕೆಟ್ಟು, ಪೈಪು ಬಾಗಿ ಕಳೆದದ್ದು ಅದಕ್ಕಿಂತ ಜಾಸ್ತಿ. ಸಮಾನಾಂತರ ವಿಶ್‌ಬೋನ್ ಇಟ್ಟು ಬ್ರಾಕೆಟ್ ಗಟ್ಟಿ ಮಾಡಿದ್ದರೆ ಈ ಕಾರಿಗಿಂತ ಚೆನ್ನಾಗಿರುತ್ತಿತ್ತು, ತಮಾಷೆ ಅಲ್ಲ. ಗೇಜುಗಳನ್ನು ಅಡ್ಡಕ್ಕೆ ತಿರುಗಿಸಿ ಟೋ ನೋಡಿದರೆ ಅಲ್ಲೂ 1000 ನ್ಯೂಟನ್‌ಗೆ ಅರ್ಧ ಡಿಗ್ರಿ, ರ‍್ಯಾಕ್ ಕೂತಿದ್ದ ತಗಡು ಬಾಗುತ್ತಿತ್ತು. ಬಂಪ್ ಸ್ಟೀರಿನ 0.6, ಇದರ 0.7, ಸೇರಿಸಿ 1.3 ಡಿಗ್ರಿ. ಇಂಥ ಟೈರುಗಳಿಗೆ ಪೂರ್ತಿ ಹಿಡಿತ ಸಿಗೋಕೆ ಆರು ಡಿಗ್ರಿ ಆಸುಪಾಸಿನ ಸ್ಲಿಪ್ ಆಂಗಲ್ ಸಾಕು, ಅದರಲ್ಲಿ 1.3 ದಾರಿಯಲ್ಲೇ ಕರಗಿ ಹೋದರೆ ಡ್ರೈವರ್‌ಗೆ ಕಾರು "ಯೋಚನೆ ಮಾಡುತ್ತೆ" ಅನ್ನಿಸದೆ ಇನ್ನೇನು?

ಹೊರಗಿನ ಟೈರಿನ ಪೂರ್ತಿ ಲೆಕ್ಕ ಹೀಗೆ ಬಂತು: ನಿಂತಾಗ ಮೈನಸ್ 0.5, ವಾಲಿದ್ದಕ್ಕೆ ಪ್ಲಸ್ 1.08, ಬಾಗಿದ್ದಕ್ಕೆ ಪ್ಲಸ್ 1. ಒಟ್ಟು ಪ್ಲಸ್ 1.6ರ ಹತ್ತಿರ. ಟೈರ್ ಹೊರ ಅಂಚಿನ ಮೇಲೆ ನಿಂತುಕೊಂಡು ತಿರುಗುತ್ತಿತ್ತು. ಕಾರು ನಿಜಕ್ಕೂ 1.4 ಜಿ ಮುಟ್ಟಲಿಲ್ಲ ಅದು ಬೇರೆ ಮಾತು, ಆದರೆ ದಿಕ್ಕು ಅದೇ.

ರಿಪೇರಿ

ಮೊದಲು ಯಾವ ಭಾಗ ಎಷ್ಟು ಬಾಗುತ್ತಿದೆ ಅಂತ ಬಿಡಿಸಿ ನೋಡಿದೆವು. ಗೇಜನ್ನು ಹಬ್‌ನಿಂದ ಅಪ್‌ರೈಟಿಗೆ, ಅಲ್ಲಿಂದ ಬ್ರಾಕೆಟ್‌ಗೆ, ಅಲ್ಲಿಂದ ಪೈಪಿಗೆ ಸರಿಸುತ್ತಾ ಹೋದರೆ ಪ್ರತಿ ಹೆಜ್ಜೆಗೂ ಎಷ್ಟು ಅಂತ ಸಿಗುತ್ತೆ. 0.7ರಲ್ಲಿ ಹಬ್ ಬೇರಿಂಗ್ 0.10, ಅಪ್‌ರೈಟಿನ ಮೇಲಿನ ಬ್ರಾಕೆಟ್ 0.15, ಉಳಿದ 0.45 ಪೂರ್ತಿ ಆ ಒಂದು ಜಾಗದ್ದು, ಪೈಪಿನ ನಟ್ಟ ನಡುವೆ ಕೂತಿದ್ದ ಕೆಳಗಿನ ಹಿಂಗಾಲು, ಅದನ್ನು ಹಿಡಿದಿದ್ದ ಬ್ರಾಕೆಟ್, ಅಂದರೆ 2 ಮಿ.ಮೀ. ತಗಡಿನ ಕಿವಿ. 2200 ನ್ಯೂಟನ್ ಹೊರುತ್ತಿದ್ದವನು ಅವನೇ ಅಲ್ವಾ. ಈ ಹುಡುಕಾಟ ಮಾಡದೆ ಸುಮ್ನೆ ಅಪ್‌ರೈಟ್ ದಪ್ಪ ಮಾಡೋಣ ಅಂತ ಇಬ್ಬರು ವಾದಿಸುತ್ತಿದ್ದರು. ಮಾಡಿದ್ದರೆ ತೂಕ ಏರುತ್ತಿತ್ತು, ಕಾರು ಹಾಗೇ ಇರುತ್ತಿತ್ತು.

ಕಿವಿಯಿಂದ ಹತ್ತಿರದ ಗಂಟಿಗೆ ಒಂದು ಗಿಡ್ಡ ಪೈಪು, ಎದುರು ದಿಕ್ಕಿಗೆ ಇನ್ನೊಂದು. ಕಿವಿ ಎರಡೂ ಪಕ್ಕ ಹಿಡಿಯುವ ಹಾಗೆ ಬದಲಾಯಿಸಿದೆವು. ರ‍್ಯಾಕ್ ಕೆಳಗೆ ಮಡಿಚಿದ ತಗಡು ಹೋಗಿ ಚೌಕ ಪೈಪು ಬಂತು.

ಬಂಪ್ ಸ್ಟೀರಿಗೆ ರ‍್ಯಾಕ್ ಇಳಿಸೋ ದಾರಿ ಇರಲಿಲ್ಲ, ಹಾಗಾಗಿ ಟೈ ರಾಡಿನ ಹೊರತುದಿಯನ್ನು 14 ಮಿ.ಮೀ. ಏರಿಸಬೇಕು. ಸುಲಭದ ದಾರಿ ಅಂದರೆ ಬೋಲ್ಟ್ ಮೇಲೆ ವಾಷರುಗಳ ಗೋಪುರ ಕಟ್ಟೋದು. ಒಂದೇ ಪಕ್ಕ ಹಿಡಿದ ಬೋಲ್ಟಿನ ತುದಿಯಲ್ಲಿ 14 ಮಿ.ಮೀ. ಆಚೆ ಬಲ ಹಾಕಿದರೆ ಬೋಲ್ಟ್ ಬಾಗುತ್ತೆ, ಸ್ಟೀರಿಂಗ್ ಬೋಲ್ಟ್ ಮುರಿದರೆ ಏನು ಅಂತ ಹೇಳಬೇಕಾಗಿಲ್ಲ. ಅಪ್‌ರೈಟಿಗೆ ಹೊಸ ಕವಲು ತುಂಡು ಮಾಡಿಸಿ ರಾಡ್ ಎಂಡನ್ನು ಎರಡೂ ಕಡೆಯಿಂದ ಹಿಡಿಸಿದೆವು. 8.8 ದರ್ಜೆಯ ಬೋಲ್ಟ್, ಲಾಕ್ ನಟ್ಟಿನಿಂದ ಎರಡು ಪೂರ್ತಿ ಎಳೆ ಆಚೆ ಕಾಣಬೇಕು, ಇದನ್ನು ತಪಾಸಣೆಯವರು ಬೆರಳಿಟ್ಟು ನೋಡುತ್ತಾರೆ. ಪೂರ್ತಿ ಲಾಕ್ ತನಕ ತಿರುಗಿಸಿ ನೋಡಿದಾಗ ವಿಶ್‌ಬೋನ್ ರಿಮ್ಮಿಗೆ ತಾಗುತ್ತಿದ್ದುದೂ ಆಗಲೇ ಕಂಡದ್ದು. 9 ಮೀಟರ್ ಹೊರ ವ್ಯಾಸದ ಹೇರ್‌ಪಿನ್‌ಗೆ ಒಳಗಿನ ಚಕ್ರ 27 ಡಿಗ್ರಿ ತಿರುಗಬೇಕು, ನಮ್ಮದು 22ಕ್ಕೇ ತಾಗುತ್ತಿತ್ತು. ಮುಂದಿನ ವಿಶ್‌ಬೋನ್‌ಗಳ ಮುಂಗಾಲನ್ನು ಮತ್ತೆ ಬಾಗಿಸಿ ಮಾಡಿದೆವು. ಬಾಗಿದ ಸಸ್ಪೆನ್ಷನ್ ಪೈಪು ಅಂದರೆ ಪಾಪ, ಆದರೆ ಗಡುವು ಹತ್ತಿರ ಇತ್ತು.

ಮತ್ತೆ ಫಲಕ, ಮತ್ತೆ ಪಟ್ಟಿ, ಮತ್ತೆ 100 ಕೆ.ಜಿ. ಈ ಸಲ 0.3 ಡಿಗ್ರಿ. ನಿಂತಾಗಿನ ಕ್ಯಾಂಬರ್ ಮೈನಸ್ 2ಕ್ಕೆ ಶಿಮ್ ಹಾಕಿದೆವು. ವೃತ್ತದಲ್ಲಿ ಓಡಿಸುವ ಸ್ಕಿಡ್‌ಪ್ಯಾಡ್ ಪರೀಕ್ಷೆಯ 15.25 ಮೀಟರ್ ಒಳ ವ್ಯಾಸದ ವೃತ್ತದ ಸುತ್ತ ಮೊದಲು 5.7 ಸೆಕೆಂಡ್ ಬರುತ್ತಿತ್ತು, ಅಂದರೆ 1 ಜಿಗಿಂತ ಒಂಚೂರು ಮೇಲೆ. ರಿಪೇರಿ ಆದ ಮೇಲೆ 5.3, ಸುಮಾರು 1.2 ಜಿ. ಇದೆಲ್ಲ ರಿಪೇರಿಯ ಮಹಿಮೆ ಅಂತ ನಾನು ಹೇಳಲಾರೆ. ಅಷ್ಟು ಹೊತ್ತಿಗೆ ಡ್ರೈವರ್ ಕೈಯೂ ಪಳಗಿತ್ತು, ಆ ದಿನ ನೆಲ ಬಿಸಿ ಇತ್ತು. ಆದರೆ ಟೈರ್ ಮುಟ್ಟಿ ನೋಡಿದರೆ ಒಳ ಅಂಚಿನ ಹೊಳಪು ಹೋಗಿತ್ತು, ಅಗಲಕ್ಕೂ ಒಂದೇ ತರ ಒರಟಾಗಿತ್ತು.

ಇವತ್ತು ಶುರು ಮಾಡಿದರೆ

ಮೊದಲ ವಾರ ಸಾಫ್ಟ್‌ವೇರ್ ತೆರೆಯೋದೇ ಇಲ್ಲ. ಟೈರು, ರಿಮ್ಮು ಆರಿಸಿ, ಆ ನಿರ್ಧಾರ ಮತ್ತೆ ಬದಲಾಗೋದಿಲ್ಲ ಅಂತ ತಂಡದ ಮುಖ್ಯಸ್ಥರ ಬಾಯಿಂದ ಹೇಳಿಸುತ್ತೇನೆ. ಆಮೇಲೆ ನೆಲದ ಮೇಲೆ ಟೇಪಿನಿಂದ ವೀಲ್‌ಬೇಸ್, ಟ್ರ್ಯಾಕ್ ಗೆರೆ ಎಳೆದು, ತಂಡದ ಅತಿ ಎತ್ತರದ ಡ್ರೈವರನ್ನು ನಡುವೆ ಕೂರಿಸಿ, ಅವನ ಕಾಲು ಎಲ್ಲಿ ಬರುತ್ತೆ, ರ‍್ಯಾಕ್ ಎಲ್ಲಿ ಹೋಗುತ್ತೆ ಅಂತ ಮರದ ಪಟ್ಟಿಗಳಿಂದ ನೋಡುತ್ತೇನೆ. ರ‍್ಯಾಕಿನ ಜಾಗ ಮೊದಲು, ವಿಶ್‌ಬೋನ್ ಬಿಂದು ಆಮೇಲೆ. ಚಾಸಿಯವರ ಪಕ್ಕದಲ್ಲೇ ಕೂತು ನಾಲ್ಕು ಗಂಟು ಎಲ್ಲಿ ಬರಬೇಕು ಅಂತ ಒಪ್ಪಂದ ಮಾಡಿಕೊಂಡು, ವಿಶ್‌ಬೋನ್ ಕಾಲುಗಳನ್ನು ಆ ಗಂಟುಗಳಿಗೇ ಇಳಿಸುತ್ತೇನೆ. ಇಷ್ಟಾದ ಮೇಲೆ ಸಾಫ್ಟ್‌ವೇರ್‌ಗೆ ಎರಡು ವಾರ ಸಾಕು. ರೋಲ್ ಸೆಂಟರ್ ನೆಲಕ್ಕಿಂತ ಸ್ವಲ್ಪ ಮೇಲೆ ಇದ್ದು, ಹುಚ್ಚುಹುಚ್ಚಾಗಿ ಓಡಾಡದಿದ್ದರೆ ಮುಂದಕ್ಕೆ ಹೋಗುತ್ತೇನೆ. ಬಂಪ್ ಸ್ಟೀರ್ ಮಾತ್ರ ಸೊನ್ನೆಯ ಹತ್ತಿರ ತರುವ ತನಕ ಬಿಡೋದಿಲ್ಲ. ಉಳಿದ ಸಮಯ ಪೂರ್ತಿ ಬ್ರಾಕೆಟ್, ಬೇರಿಂಗ್ ಅಂತರ, ಬೋಲ್ಟ್ ಹಿಡಿತಕ್ಕೆ. ಕ್ಯಾಂಬರ್, ಟೋ, ರೈಡ್ ಎತ್ತರ, ಮೂರನ್ನೂ ಒಂದು ಬದಲಿಸಿದರೆ ಇನ್ನೊಂದು ಕೆಡದ ಹಾಗೆ ಹೊಂದಿಸುವ ವ್ಯವಸ್ಥೆ ಇರಬೇಕು, ಯಾಕಂದರೆ ಲೆಕ್ಕ ಎಷ್ಟೇ ಮಾಡಿದರೂ ಮೊದಲ ದಿನ ಟೈರ್ ನೋಡಿದ ಮೇಲೆ ಕ್ಯಾಂಬರ್ ಬದಲಾಯಿಸಲೇಬೇಕಾಗುತ್ತೆ.

ಮೊದಲ ಕಾರಿಗೆ ಪುಶ್‌ರಾಡ್, ರಾಕರ್ ಬೇಕೇ ಅಂತಲೂ ಕೇಳಿಕೊಳ್ಳಿ. ಡ್ಯಾಂಪರನ್ನು ನೇರ ವಿಶ್‌ಬೋನ್‌ಗೆ ಕಟ್ಟಿದ ಕಾರು ನೋಡೋಕೆ ಬಡವಾಗಿ ಕಾಣಬಹುದು, ಆದರೆ ಅದರಲ್ಲಿ ಬಾಗುವ ತುಂಡುಗಳು ಕಮ್ಮಿ. ಈ ವಿಷಯದಲ್ಲಿ ನಮ್ಮ ತಂಡದಲ್ಲಿ ಇನ್ನೂ ಒಮ್ಮತ ಇಲ್ಲ, ನಾನು ಅಲ್ಪಸಂಖ್ಯಾತ.

ಸ್ಪರ್ಧೆಯಲ್ಲಿ ವಿನ್ಯಾಸದ ತೀರ್ಪುಗಾರರು ಬಂದಾಗ ನಾವು ರೋಲ್ ಸೆಂಟರ್ ಗ್ರಾಫುಗಳ ದೊಡ್ಡ ಹಾಳೆ ಹಿಡಿದು ನಿಂತಿದ್ದೆವು. ಒಬ್ಬರು ಹಾಳೆ ಕಡೆ ನೋಡದೆ ನೇರ ಮುಂಚಕ್ರದ ಹತ್ತಿರ ಬಂದು, ತಲೆ ಹಿಡಿದು ಅಲುಗಿಸಿದರು. ಆಮೇಲೆ ಹಿಂಚಕ್ರ. ಹಿಂಚಕ್ರವನ್ನು ಎರಡನೇ ಸಲ ಅಲುಗಿಸಿ, "ಇದನ್ನೂ ಅಳೆದಿದ್ದೀರಾ?" ಅಂದರು. ಮುಂದಿನ ಚಕ್ರದ್ದು ನೋಟ್‌ಬುಕ್ಕಿನಲ್ಲಿತ್ತು, ತೋರಿಸಿದೆವು. ಹಿಂದಿನದ್ದು ಇರಲಿಲ್ಲ. ಆ ಅಲ್ಯೂಮಿನಿಯಂ ಫಲಕ ಇನ್ನೂ ವರ್ಕ್‌ಶಾಪಿನ ಮೂಲೆಯಲ್ಲಿದೆ, ಹಿಂದಿನ ಹಬ್‌ನ ಬೋಲ್ಟ್ ವೃತ್ತ ಬೇರೆ ಅಳತೆಯದು, ನಾಲ್ಕು ಹೊಸ ತೂತು ಕೊರೆಯಬೇಕು. ಈ ಶನಿವಾರ ಅದೇ ಕೆಲಸ.